ಹೊಸ ಜೋಳಕ್ಕೆ ಹಳೆಯ ಕುಂಟೆ

ಬಸವಕಲ್ಯಾಣ ಎಂದೊಡನೆ ಅನುಭವ ಮಂಟಪ ನೆನಪಾಗುತ್ತದೆ. ಚಾಲುಕ್ಯರ ರಾಜಧಾನಿ, ಕಲ್ಲಿನ ಕೋಟೆ, ಹನ್ನೆರಡನೆಯ ಶತಮಾನದ ಶರಣರು ನೆನಪಾಗುತ್ತಾರೆ. ಹುಮನಾಬಾದ್ ಎಂದರೆ ವೀರಭದ್ರೇಶ್ವರನ ಜಾತ್ರೆ, ಮಾಣಿಕನಗರದ ಮಾಣಿಕಪ್ರಭುಗಳ ಸಂಸ್ಥಾನ. ಬೀದರ್ ಜಿಲ್ಲೆಯ ಈ ಎರಡು ಊರುಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ರಾಜಧಾನಿಗೂ ಮಠಕ್ಕೂ ಜಾತ್ರೆಗೂ ಅನ್ನ ಹಾಕಿದ್ದು ಊರ ಹೊರಗಿನ ಹೊಲ. ಆ ಹೊಲಕ್ಕೂ ಒಂದು ಚರಿತ್ರೆಯಿದೆ. ಅದರ ಮುಖ್ಯ ಅಧ್ಯಾಯವೊಂದು ಪ್ರತಿ ವರ್ಷ ಮೃಗಶಿರಾ ಮಳೆಯೊಂದಿಗೆ ಆರಂಭವಾಗಿ ಪುಷ್ಯ ಮಳೆಯ ಹೊತ್ತಿಗೆ ಮುಗಿಯುತ್ತದೆ. ಬೀಜ ಬಿದ್ದ ದಿನದಿಂದ ಪೈರು ಮೊಳಕಾಲು ದಾಟುವವರೆಗಿನ ಸುಮಾರು ನಲವತ್ತು ದಿನಗಳು ಅವು.

ಈ ನಲವತ್ತು ದಿನಗಳ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಬಿತ್ತನೆಗೆ ಪೂಜೆ ಉಂಟು, ರಾಶಿಗೆ ಸಂಭ್ರಮ ಉಂಟು. ಎಡೆ ಹೊಡೆಯುವ, ಕಸ ತೆಗೆಯುವ, ಹೆಚ್ಚಿನ ಸಸಿ ಕೀಳುವ ನಡುವಿನ ದಿನಗಳಿಗೆ ಅಷ್ಟು ಮರ್ಯಾದೆ ಇಲ್ಲ. ಆದರೂ ತೆನೆ ತುಂಬುವುದೋ ಜೊಳ್ಳಾಗುವುದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಆಗಲೇ. ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳವನ್ನು ದಖ್ಖನಿನ ರೈತ ಹೇಗೆ ಸಾಕಿದ ಎಂಬುದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬೆಳೆ ಹೊಸದು, ಆರೈಕೆ ಹಳೆಯದು. ಶತಮಾನಗಳ ಕಾಲ ಜೋಳದ ಹೊಲದಲ್ಲಿ ಕಲಿತ ವಿದ್ಯೆಯೇ ಮೆಕ್ಕೆಜೋಳಕ್ಕೂ ಉಪಯೋಗಕ್ಕೆ ಬಂತು. ಆ ವಿದ್ಯೆ ಈಗ ಕೈತಪ್ಪುತ್ತಿದೆ ಎಂಬುದು ಯೋಚಿಸಬೇಕಾದ ವಿಷಯ.

ಎರಡು ಬಗೆಯ ಮಣ್ಣು

ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಮೊದಲನೆಯದು ಈಶಾನ್ಯ ಪರಿವರ್ತನಾ ವಲಯ. ಬೀದರ್ ಜಿಲ್ಲೆಯೂ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿ ತಾಲ್ಲೂಕುಗಳೂ ಇದರಲ್ಲಿ ಸೇರಿವೆ. ವರ್ಷಕ್ಕೆ ಸರಾಸರಿ 800ರಿಂದ 900 ಮಿಲಿಮೀಟರ್ ಮಳೆ; ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದುಹೋಗುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಈ ನೆಲದ ಅಡಿಪಾಯ. ಆ ಕಪ್ಪು ಬಂಡೆ ಕರಗಿ ಆದದ್ದು ಎರೆ ಮಣ್ಣು. ಎತ್ತರದ ಬಯಲುಗಳ ಮೇಲೆ ಅದೇ ಬಂಡೆ ಬಿಸಿಲು ಮಳೆಗೆ ಸಿಕ್ಕು ಜಂಬಿಟ್ಟಿಗೆಯಾಗಿ, ಅದರಿಂದ ಕೆಂಪು ಮಣ್ಣು ಹುಟ್ಟಿತು. ಹೀಗಾಗಿ ಒಂದೇ ತಾಲ್ಲೂಕಿನಲ್ಲಿ, ಕೆಲವೊಮ್ಮೆ ಒಂದೇ ಊರಿನ ಸೀಮೆಯಲ್ಲಿ, ಎರಡು ಬಗೆಯ ಹೊಲಗಳಿವೆ. ಕೆಂಪು ಹೊಲದಲ್ಲಿ ಮಳೆ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಎರೆ ಹೊಲ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಸಿಯಿದ್ದಾಗ ಕಾಲಿಟ್ಟರೆ ಕಾಲು ಹೂಳುತ್ತದೆ, ಒಣಗಿದ ಮೇಲೆ ನೇಗಿಲು ಇಳಿಯುವುದಿಲ್ಲ.

ಎರೆ ಮಣ್ಣಿನ ಈ ಸ್ವಭಾವದಿಂದಲೇ ದಖ್ಖನಿನ ಹಳೆಯ ಬೇಸಾಯಪದ್ಧತಿ ರೂಪುಗೊಂಡಿತು. ಅನೇಕ ಕಡೆ ಮಳೆಗಾಲವಿಡೀ ಹೊಲವನ್ನು ಬರಿದೆ ಬಿಟ್ಟು, ಆಗಾಗ ಕುಂಟೆ ಹೊಡೆದು, ಒಳಗಿನ ತೇವವನ್ನು ಕಾಪಾಡಿ, ಮಳೆ ಹಿಂದೆ ಸರಿಯುವ ಹೊತ್ತಿಗೆ ಹಿಂಗಾರಿ ಬಿಳಿಜೋಳ ಬಿತ್ತುತ್ತಿದ್ದರು. ಮುಂಗಾರಿನಲ್ಲಿ ಕೆಂಪು ಹೊಲಕ್ಕೂ ಹಗುರ ಹೊಲಕ್ಕೂ ಉದ್ದು, ಹೆಸರು, ತೊಗರಿ, ಮುಂಗಾರಿ ಜೋಳ. ಇಂದು ಈ ಭಾಗದ ಮುಂಗಾರಿನ ದೊಡ್ಡ ಬೆಳೆ ಸೋಯಾ ಅವರೆ. ತೊಗರಿ, ಉದ್ದು, ಹೆಸರು ಉಳಿದುಕೊಂಡಿವೆ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಆವರಿಸಿಕೊಂಡಂತೆ ಇಲ್ಲಿ ಆವರಿಸಿಕೊಳ್ಳಲಿಲ್ಲ. ಅದಕ್ಕೆ ಈ ಮಣ್ಣೂ ಒಂದು ಕಾರಣ ಎಂಬುದು ಮುಂದೆ ಗೊತ್ತಾಗುತ್ತದೆ.

ಜೋಳವಾಳಿಯ ನಾಡು

ಮೆಕ್ಕೆಜೋಳದ ಕಥೆಗೆ ಮೊದಲು ಜೋಳದ ಕಥೆ ಹೇಳಬೇಕು. ಜೋಳದ ತವರು ಆಫ್ರಿಕ. ಅದು ಎಂದು ಇಲ್ಲಿಗೆ ಬಂದರೂ ಕನ್ನಡನಾಡು ಅದನ್ನು ಹೊರಗಿನದೆಂದು ಎಣಿಸಲಿಲ್ಲ. ಹಳಗನ್ನಡದ ಕಾವ್ಯಗಳಲ್ಲಿ ‘ಜೋಳದ ಪಾಳಿ’, ‘ಜೋಳವಾಳಿ’ ಎಂಬ ಮಾತು ಸಿಗುತ್ತದೆ. ಒಡೆಯನ ಜೋಳ ಉಂಡವನು ಅವನಿಗೆ ಸಲ್ಲಿಸಬೇಕಾದ ಋಣ ಎಂಬುದು ಅದರ ಅರ್ಥ. ಹಿಂದಿಯವರು ಉಪ್ಪಿನ ಋಣ ಎಂದರೆ ಕನ್ನಡಿಗರು ಜೋಳದ ಋಣ ಎಂದರು. ಯುದ್ಧಭೂಮಿಯಲ್ಲಿ ಪ್ರಾಣ ಕೊಡುವ ನಿಷ್ಠೆಗೆ ಒಂದು ಧಾನ್ಯದ ಹೆಸರು ಇಡಬೇಕಾದರೆ ಆ ಧಾನ್ಯ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಊಹಿಸಬಹುದು.

ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ಕಲ್ಯಾಣಕ್ಕೆ ರಾಜಧಾನಿಯನ್ನು ತಂದ. ಆ ಕಾಲದ ದಾನಶಾಸನಗಳು ದೇವಾಲಯಗಳಿಗೆ ಬಿಟ್ಟ ಭೂಮಿಯನ್ನು ಮತ್ತರು ಲೆಕ್ಕದಲ್ಲಿ ಹೇಳುತ್ತವೆ. ಕೊಡುವವರಿಗೂ ಪಡೆಯುವವರಿಗೂ ಎರೆಯ ಹೊಲದ ಬೆಲೆ ಗೊತ್ತಿತ್ತು. ಇದೇ ವಂಶದ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು; ‘ಮಾನಸೋಲ್ಲಾಸ’ ಅವನ ಕೃತಿ. ಅರಸನ ಊಟದ ವಿವರಗಳಿಗೆ ಅದು ಹೆಸರಾದ ಗ್ರಂಥ. ಇಡ್ಲಿಯ ಪೂರ್ವಜ ಎನ್ನಲಾದ ಉದ್ದಿನ ‘ಇಡ್ಡರಿಕಾ’ ಅದರಲ್ಲಿ ಬರುತ್ತದೆ. ಉದ್ದು ಇಂದಿಗೂ ಇಲ್ಲಿನ ಮುಂಗಾರು ಬೆಳೆಯೇ.

ಅರಮನೆಯ ಅಡುಗೆಯಿಂದ ಹೊಲದ ಕಡೆಗೆ ದೃಷ್ಟಿ ತಿರುಗಿಸಿದವರು ಶರಣರು. ಕಾಯಕವೆಂದರೆ ಬರಿ ದುಡಿಮೆಯಲ್ಲ ಎಂದು ಅವರು ಸಾರಿದಾಗ ಅದರಲ್ಲಿ ಒಕ್ಕಲುತನವೂ ಸೇರಿತ್ತು. ಒಕ್ಕಲಿಗ ಮುದ್ದಣ್ಣನೆಂಬ ವಚನಕಾರ ಬೇಸಾಯವನ್ನೇ ಕಾಯಕವಾಗಿ ಉಳ್ಳವನು; ಅವನ ವಚನಗಳ ಪರಿಭಾಷೆ ಹೊಲದಿಂದ ಬಂದದ್ದು. ಮಣ್ಣು ಅಗೆಯುವುದು, ಬೇರು ಕೀಳುವುದು, ಬೀಜ ಬಿತ್ತುವುದು ಮುಂತಾದ ಚಿತ್ರಗಳು ಅಲ್ಲಮನ ವಚನಗಳಲ್ಲಿಯೂ ಇವೆ. ಮನಸ್ಸಿನ ಕಸವನ್ನು ಹೇಳಲು ಹೊಲದ ಕಸವನ್ನು ತೋರಿಸಿದರೆ ಕೇಳುವವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

ಶಿಲ್ಪದ ಕೈಯಲ್ಲಿ ತೆನೆ

ಕಲ್ಯಾಣದ ಕಾಲದಲ್ಲಿ ಮೆಕ್ಕೆಜೋಳ ಇತ್ತೇ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಇದರ ಬಗ್ಗೆ ಗಂಭೀರ ಚರ್ಚೆಯೇ ನಡೆದಿದೆ, ಅದೂ ಕರ್ನಾಟಕದ ದೇವಾಲಯಗಳನ್ನು ಮುಂದಿಟ್ಟುಕೊಂಡು. 1258ರಲ್ಲಿ ಪ್ರತಿಷ್ಠಾಪನೆಗೊಂಡ ಸೋಮನಾಥಪುರದ ಕೇಶವ ದೇವಾಲಯ ಹಾಗೂ ಇತರ ಹೊಯ್ಸಳ ಗುಡಿಗಳಲ್ಲಿ ಕೆಲವು ವಿಗ್ರಹಗಳು ಕೈಯಲ್ಲಿ ಉದ್ದನೆಯ, ಮಣಿ ಪೋಣಿಸಿದಂತಿರುವ ವಸ್ತುವನ್ನು ಹಿಡಿದಿವೆ. ಅದು ಮೆಕ್ಕೆಜೋಳದ ತೆನೆಯೇ ಎಂದು ಅಮೆರಿಕದ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ವಾದಿಸಿದರು. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ. ಅವರ ವಾದ ನಿಜವಾದರೆ ಎರಡು ಖಂಡಗಳ ನಡುವಿನ ಸಂಪರ್ಕದ ಚರಿತ್ರೆಯನ್ನೇ ತಿದ್ದಿ ಬರೆಯಬೇಕಾಗುತ್ತಿತ್ತು.

1993ರಲ್ಲಿ ಭಾರತದ ಮೆಕ್ಕೆಜೋಳ ವಿಜ್ಞಾನಿಗಳಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚಾನ್ ಇದಕ್ಕೆ ಉತ್ತರ ಕೊಟ್ಟರು. ಶಿಲ್ಪದಲ್ಲಿರುವುದು ಬೆಳೆದ ತೆನೆಯಲ್ಲ, ಮುತ್ತುಗಳಿಂದ ಅಲಂಕೃತವಾದ ‘ಮುಕ್ತಾಫಲ’ ಎಂಬ ಕಾಲ್ಪನಿಕ ಫಲ ಎಂಬುದು ಅವರ ಅಭಿಪ್ರಾಯ. ಬಹುತೇಕ ವಿದ್ವಾಂಸರು ಒಪ್ಪಿದ್ದು ಇದನ್ನೇ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಮೆಕ್ಸಿಕೊದಲ್ಲಿ ತಿಯೋಸಿಂತೆ ಎಂಬ ಕಾಡುಹುಲ್ಲನ್ನು ಪಳಗಿಸಿ ಮಾಡಿದ ಬೆಳೆ ಮೆಕ್ಕೆಜೋಳ. ಅದು ಭಾರತಕ್ಕೆ ಬಂದದ್ದು ಕೊಲಂಬಸ್ಸನ ನಂತರವೇ. ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ್ದು 1510ರಲ್ಲಿ. ಕಲ್ಯಾಣದ ಶರಣರು ಮೆಕ್ಕೆಜೋಳ ಕಂಡಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹೊಸ ಧಾನ್ಯಕ್ಕೆ ಹೆಸರಿಡುವಾಗ ಕನ್ನಡಿಗರು ಹಳೆಯ ಧಾನ್ಯದ ಹೆಸರನ್ನೇ ಮುಂದೆ ಮಾಡಿದರು ಎಂಬುದು ಕುತೂಹಲದ ಸಂಗತಿ. ಮೈಸೂರು ಕಡೆ ತೆನೆ ಮುಸುಕು ಹೊದ್ದಿರುವುದರಿಂದ ಮುಸುಕಿನ ಜೋಳ. ಧಾರವಾಡ ಕಡೆ ಗೋವಿನಜೋಳ. ಹಿಂದಿಯ ಮಕ್ಕಾ, ಮರಾಠಿಯ ಮಕಾ ಪಕ್ಕದಲ್ಲೇ ಇರುವ ಬೀದರ್ ಸೀಮೆಗೆ ಮೆಕ್ಕೆಜೋಳ ಎಂಬ ಹೆಸರು ಸಹಜವಾಗಿ ಒಗ್ಗಿತು. ಹೆಸರು ಯಾವುದಾದರೂ ಕೊನೆಗೆ ಅದು ಜೋಳವೇ. ಎಲೆಯ ರೂಪ ಒಂದೇ, ಬಿತ್ತುವ ಕಾಲ ಒಂದೇ, ಸಾಲಿನ ಬೇಸಾಯ ಒಂದೇ. ಹೀಗಾಗಿ ಜೋಳದ ಸಂಸಾರಕ್ಕೆ ಅದು ಸೊಸೆಯಂತೆ ಬಂದು ಸೇರಿತು.

ಆದರೆ ಬಹುಕಾಲ ಅದು ಹಿತ್ತಲ ಬೆಳೆಯಾಗಿಯೇ ಉಳಿಯಿತು. ಹಸಿ ತೆನೆ ಸುಟ್ಟು ತಿನ್ನಲು ಒಂದೆರಡು ಸಾಲು, ಅಷ್ಟೆ. ಸ್ಥಿತಿ ಬದಲಾದದ್ದು ಸ್ವಾತಂತ್ರ್ಯದ ನಂತರ. 1957ರಲ್ಲಿ ಅಖಿಲ ಭಾರತ ಸಮನ್ವಿತ ಮೆಕ್ಕೆಜೋಳ ಸುಧಾರಣಾ ಯೋಜನೆ ಆರಂಭವಾಯಿತು. 1961ರಲ್ಲಿ ಗಂಗಾ-1, ಗಂಗಾ-101, ರಂಜಿತ್, ಡೆಕ್ಕನ್ ಎಂಬ ಮೊದಲ ಹೈಬ್ರಿಡ್‌ಗಳು ಹೊರಬಂದವು. ಇವುಗಳಲ್ಲಿ ಡೆಕ್ಕನ್ ಹೈದರಾಬಾದಿನ ಸಂಶೋಧನೆಯ ಫಲ. ಬೀದರ್ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ರಾಜ್ಯ ಬದಲಾದರೂ ಮಣ್ಣೂ ಮಳೆಯೂ ಆ ಕಡೆಯವೇ. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳವೂ ಬಂತು. ಮುಂದೆ ಕೋಳಿ ಸಾಕಣೆ ಬೆಳೆದಂತೆ ಕೋಳಿ ಆಹಾರಕ್ಕಾಗಿ ಮೆಕ್ಕೆಜೋಳದ ಬೇಡಿಕೆ ಏರಿ, ಕರ್ನಾಟಕ ದೇಶದ ಪ್ರಮುಖ ಮೆಕ್ಕೆಜೋಳ ರಾಜ್ಯಗಳಲ್ಲಿ ಒಂದಾಯಿತು.

ಕೂರಿಗೆ, ಕುಂಟೆ, ಖುರ್ಪಿ

ಹೊಸ ಬೀಜ ಚೀಲದಲ್ಲಿ ಬಂತು. ಅದನ್ನು ಸಾಕುವ ಉಪಕರಣ ಮನೆಯಲ್ಲೇ ಇತ್ತು. ಅದು ಎಷ್ಟು ಹಳೆಯದು ಎಂಬುದಕ್ಕೆ ಲಿಖಿತ ಸಾಕ್ಷ್ಯಗಳಿವೆ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸಾಲಾಗಿ ಬಿತ್ತುವ ಕೂರಿಗೆಯನ್ನೂ ಎತ್ತು ಎಳೆಯುವ ಕುಂಟೆಯನ್ನೂ ಕಂಡು ದಾಖಲಿಸಿದ್ದಾನೆ. ನಿಜಾಮರ ಸೀಮೆಗೆ ಅವನು ಬರಲಿಲ್ಲ. ಆದರೆ ಅವನು ಬರೆದ ಉಪಕರಣಗಳು ಇಲ್ಲಿಗೂ ಪರಿಚಿತ. 1889ರಲ್ಲಿ ಭಾರತದ ಬೇಸಾಯವನ್ನು ಸುಧಾರಿಸಲು ಸಲಹೆ ಕೇಳಿ ಬ್ರಿಟಿಷ್ ಸರ್ಕಾರ ಜಾನ್ ಅಗಸ್ಟಸ್ ವೊಯೆಲ್ಕರ್ ಎಂಬ ರಸಾಯನ ವಿಜ್ಞಾನಿಯನ್ನು ಕಳಿಸಿತು. 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಅವನು, ಹೊಲವನ್ನು ಕಳೆಯಿಲ್ಲದೆ ಇಡುವುದರಲ್ಲಿ, ಮಣ್ಣಿನ ಗುಣ ತಿಳಿಯುವುದರಲ್ಲಿ, ಬಿತ್ತುವ ಹದ ಅರಿಯುವುದರಲ್ಲಿ ಇಲ್ಲಿನ ರೈತರ ಜಾಣ್ಮೆಯನ್ನು ಮೆಚ್ಚಿ ಬರೆದ. ತಿದ್ದಲು ಬಂದವನು ಹೊಗಳಿ ಹೋದ.

ಕೂರಿಗೆಯ ರಚನೆ ಸರಳ. ಮೇಲೆ ಮರದ ಬಟ್ಟಲು, ಅದರಿಂದ ಇಳಿದ ಬಿದಿರ ಕೊಳವೆಗಳು, ತುದಿಯಲ್ಲಿ ಮಣ್ಣು ಸೀಳುವ ಹಲ್ಲುಗಳು. ಗಂಡಾಳು ಎತ್ತು ಹೊಡೆದರೆ ಹೆಣ್ಣಾಳು ಬಟ್ಟಲಿಗೆ ಕಾಳು ಬಿಡುತ್ತಾಳೆ. ಕಾಳು ಬಿಡುವ ಬೆರಳು ಬಿಗಿಯಾದರೆ ಪೈರು ವಿರಳ, ಸಡಿಲವಾದರೆ ದಟ್ಟ. ಹಿಂದೆ ಕಟ್ಟಿದ ಒಂಟಿ ಕೊಳವೆಯಿಂದ ಅಕ್ಕಡಿ ಸಾಲು ಬೀಳುತ್ತದೆ. ಜೋಳದ ಕೆಲವು ಸಾಲುಗಳಿಗೆ ಒಂದು ತೊಗರಿ ಸಾಲು ಎಂಬುದು ಇಲ್ಲಿನ ರೂಢಿ. ಮೆಕ್ಸಿಕೊದ ಮೂಲ ರೈತರೂ ಮೆಕ್ಕೆಜೋಳವನ್ನು ಒಂಟಿಯಾಗಿ ಬೆಳೆಯಲಿಲ್ಲ. ಹುರುಳಿಕಾಯಿ ಬಳ್ಳಿ, ಕುಂಬಳ ಅದರ ಜೊತೆಗಿದ್ದವು. ಎರಡು ನಾಡುಗಳ ಒಕ್ಕಲಿಗರು ಒಬ್ಬರನ್ನೊಬ್ಬರು ನೋಡದೆಯೇ ಧಾನ್ಯಕ್ಕೆ ದ್ವಿದಳವನ್ನು ಜೋಡಿ ಮಾಡಿದ್ದರು.

ಮಳೆ ನಕ್ಷತ್ರಗಳ ಲೆಕ್ಕ

ರೈತನ ಪಂಚಾಂಗದಲ್ಲಿ ತಿಂಗಳಿಗಿಂತ ಮಳೆ ನಕ್ಷತ್ರ ಮುಖ್ಯ. ಎಳೆ ಪೈರಿನ ಆರೈಕೆಯನ್ನೂ ಅದೇ ಲೆಕ್ಕದಲ್ಲಿ ನೋಡಬಹುದು.

ಮೃಗಶಿರಾ ಮಳೆ ಜೂನ್ 7-8ರ ಸುಮಾರಿಗೆ ಹುಟ್ಟುತ್ತದೆ. ಕಾರ ಹುಣ್ಣಿಮೆಯೂ ಇದರ ಆಸುಪಾಸಿನಲ್ಲೇ. ಮೊದಲ ಮಳೆಗೇ ಬಿತ್ತಿದರೆ ಮೊಳಕೆ ಬಂದು ಒಣಗುವ ಭಯ. ನೆಲ ಆಳಕ್ಕೆ ನೆನೆದ ಮೇಲೆಯೇ ಕೂರಿಗೆ ಹೂಡಬೇಕು. ಮೆಕ್ಕೆಜೋಳದ ಕಾಳನ್ನು 4-5 ಸೆಂಟಿಮೀಟರ್ ಆಳಕ್ಕೆ, ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರದಲ್ಲಿ ಬಿತ್ತುವುದು ವಾಡಿಕೆ. ಈ ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 83 ಸಾವಿರ ಗಿಡಗಳಾಗುತ್ತವೆ. ಐದಾರು ದಿನಗಳಲ್ಲಿ ಮೊಳಕೆ ತಲೆ ಎತ್ತುತ್ತದೆ. ಆಗ ಕಾಗೆ, ಮೈನಾಗಳ ಕಾಟ. ಹಕ್ಕಿ ಕಿತ್ತ ಜಾಗಕ್ಕೆ ಕೂಡಲೇ ಮತ್ತೆ ಕಾಳು ಊರಬೇಕು. ವಾರ ಕಳೆದು ಊರಿದ ಕಾಳಿನ ಗಿಡ ಅಕ್ಕಪಕ್ಕದ ಗಿಡಗಳ ನೆರಳಿನಲ್ಲಿ ಬಡಕಲಾಗುತ್ತದೆ.

ಹತ್ತರಿಂದ ಹದಿನೈದು ದಿನಕ್ಕೆ ಸಸಿ ತೆಳುಗೊಳಿಸುವ ಕೆಲಸ. ಒಂದು ಕುಳಿಗೆ ಒಂದೇ ಗಿಡ ಬಿಟ್ಟು ಉಳಿದವನ್ನು ಕೀಳಬೇಕು. ಚೆನ್ನಾಗಿರುವ ಸಸಿಯನ್ನೇ ಕಿತ್ತುಹಾಕಲು ಮನಸ್ಸು ಬಾರದು. ಆದರೆ ಜೋಳದಂತೆ ಮೆಕ್ಕೆಜೋಳ ಹೊಡೆ ಒಡೆದು ಸರಿದೂಗಿಸಿಕೊಳ್ಳುವ ಗಿಡವಲ್ಲ. ಇಕ್ಕಟ್ಟಾದರೆ ಎರಡಕ್ಕೂ ತೆನೆ ಸಣ್ಣದು. ಇಲ್ಲಿ ಇನ್ನೊಂದು ವ್ಯತ್ಯಾಸವಿದೆ. ಎಳೆ ಜೋಳದ ಎಲೆಯಲ್ಲಿ ದನಗಳಿಗೆ ವಿಷವಾಗುವ ಅಂಶವಿರುವುದರಿಂದ, ಅದರಲ್ಲೂ ಮಳೆ ಕೈಕೊಟ್ಟು ಪೈರು ಬಾಡಿದಾಗ, ದನ ಬಿಡದಂತೆ ಹಿರಿಯರು ಎಚ್ಚರ ಹೇಳುತ್ತಿದ್ದರು. ಮೆಕ್ಕೆಜೋಳದಲ್ಲಿ ಆ ಭಯವಿಲ್ಲ. ಕಿತ್ತ ಸಸಿ ಎಮ್ಮೆಗೆ ಮೇವಾಗುತ್ತದೆ.

ಜೂನ್ ಕೊನೆಯ ಆರಿದ್ರಾ ಮಳೆಗೆ ಮೊದಲ ಎಡೆ. ಎರಡು ಸಾಲುಗಳ ನಡುವೆ ಸಣ್ಣ ಎಡೆಕುಂಟೆ ಹೊಡೆಯಬೇಕು. ಎತ್ತು ಪೈರಿಗೆ ಬಾಯಿ ಹಾಕದಂತೆ ಹಗ್ಗದ ಕುಕ್ಕೆ ಕಟ್ಟುತ್ತಾರೆ. ಸಾಲು ತುಳಿಯದೆ ನಡೆಯುವ ಎತ್ತಿಗೆ ಬೆಲೆ ಹೆಚ್ಚು. ಬೀದರ್, ಲಾತೂರ್ ಕಡೆಯ ದೇವಣಿ ತಳಿಯ ಎತ್ತುಗಳು ಈ ಎರೆ ಹೊಲದ ದುಡಿಮೆಗೇ ಹೆಸರಾದವು. ಕುಂಟೆಯ ಅಲಗು ಮಣ್ಣಿನ ಅಡಿಯಲ್ಲಿ ಸರಿದು ಕಸದ ಬೇರನ್ನು ಕತ್ತರಿಸುತ್ತದೆ. ಅಷ್ಟೇ ಅಲ್ಲ, ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುವುದರಿಂದ ಒಳಗಿನ ತೇವ ಆರಿಹೋಗುವುದಿಲ್ಲ. ಎರಡು ಮಳೆಗಳ ನಡುವೆ ಹದಿನೈದು ದಿನ ಒಣಗಿದರೂ ಎಡೆ ಹೊಡೆದ ಹೊಲದ ಪೈರು ತಾಳಿಕೊಳ್ಳುವುದಕ್ಕೆ ಇದೇ ಕಾರಣ.

ಜುಲೈ ಮೊದಲ ವಾರದ ಪುನರ್ವಸು ಮಳೆಗೆ ಕೈಗಳೆ. ಕುಂಟೆ ತಲುಪುವುದು ಸಾಲುಗಳ ನಡುವಿಗೆ ಮಾತ್ರ. ಗಿಡಗಳ ನಡುವಿನ ಕಸಕ್ಕೆ ಖುರ್ಪಿಯೇ ಬೇಕು. ಈ ಕೆಲಸ ಬಹುಪಾಲು ಹೆಣ್ಣುಮಕ್ಕಳದು. ಸಾಲು ಹಿಡಿದು ಕುಳಿತು ಸರಿಯುತ್ತ ಕರಿಕೆ, ಜೇಕು ಕಿತ್ತು, ಬೇರಿನ ಮಣ್ಣು ಕೊಡವಿ ಬದುವಿಗೆ ಹಾಕುತ್ತಾರೆ. ಮೊದಲ ಮೂವತ್ತರಿಂದ ನಲವತ್ತೈದು ದಿನ ಕಸವನ್ನು ತಡೆದರೆ ಆಮೇಲೆ ಮೆಕ್ಕೆಜೋಳ ತನ್ನ ನೆರಳಿನಿಂದಲೇ ಅದನ್ನು ಅಡಗಿಸುತ್ತದೆ. ಕಿತ್ತದ್ದೆಲ್ಲ ಕಸವೂ ಅಲ್ಲ. ಗೋಳಿಪಲ್ಯ, ರಾಜಗಿರಿಯಂಥವು ಮಡಿಲು ಸೇರಿ ಸಂಜೆಯ ಪಲ್ಯವಾಗುತ್ತಿದ್ದವು. ಉಳಿದ ಹುಲ್ಲು ದನಕ್ಕೆ. ಐವತ್ತರ ದಶಕದಲ್ಲಿ ದೇಶದಲ್ಲಿ ಕಾಣಿಸಿಕೊಂಡು ಎಲ್ಲೆಡೆ ಹರಡಿದ ಕಾಂಗ್ರೆಸ್ ಕಸ ಮಾತ್ರ ಯಾವುದಕ್ಕೂ ಬಾರದು.

ಜುಲೈ 20ರ ಸುಮಾರಿಗೆ ಪುಷ್ಯ ಮಳೆ. ಆಗ ಪೈರು ಮೊಳಕಾಲು ಎತ್ತರ. ಮೇಲುಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಬೇಕಾದ ಕಾಲ. ಸಾರಜನಕವನ್ನು ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡುವುದು ಉತ್ತಮ, ಏಕೆಂದರೆ ಮಳೆ ಅದನ್ನು ಕೊಚ್ಚಿ ಒಯ್ಯುತ್ತದೆ. ಪೈರು ತನ್ನ ಹಸಿವನ್ನು ಎಲೆಯಲ್ಲಿ ತೋರಿಸುತ್ತದೆ. ಕೆಳಗಿನ ಎಲೆ ತುದಿಯಿಂದ ನಡುನರದುದ್ದಕ್ಕೂ ಹಳದಿಯಾದರೆ ಸಾರಜನಕ ಸಾಲದು. ಅಂಚು ನೇರಳೆಯಾದರೆ ರಂಜಕ ಸಾಲದು. ಎಳೆ ಎಲೆಯಲ್ಲಿ ಬಿಳಿ ಪಟ್ಟೆ ಮೂಡಿದರೆ ಸತುವಿನ ಕೊರತೆ.

ಇದೇ ಹೊತ್ತಿಗೆ ಗಿಡದ ಒಳಗೆ ಕಣ್ಣಿಗೆ ಕಾಣದ ಕೆಲಸ ಮುಗಿಯುತ್ತಿರುತ್ತದೆ. ಎಂಟು ಎಲೆಗಳ ಹಂತಕ್ಕೆ ಬರುವಷ್ಟರಲ್ಲಿ ತೆನೆಯಲ್ಲಿ ಎಷ್ಟು ಕಾಳಿನ ಸಾಲುಗಳಿರಬೇಕು ಎಂಬುದು ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಹನ್ನೆರಡು, ಹದಿನಾಲ್ಕು, ಹದಿನಾರು ಎಂದು ಆ ಸಂಖ್ಯೆ ಸಮಸಂಖ್ಯೆಯೇ ಆಗಿರುವುದು ಮೆಕ್ಕೆಜೋಳದ ವೈಶಿಷ್ಟ್ಯ. ತೆನೆ ಕಾಣುವುದಕ್ಕೆ ಇನ್ನೂ ತಿಂಗಳಿರುವಾಗಲೇ, ಎಳೆತನದಲ್ಲಿ ಉಂಡ ಅನ್ನ, ಪಟ್ಟ ಕಷ್ಟ ಎರಡೂ ಅದರಲ್ಲಿ ದಾಖಲಾಗಿರುತ್ತವೆ. ಪೈರಿನ ಮೊದಲ ನಲವತ್ತು ದಿನ ಮುಖ್ಯ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ವಿಜ್ಞಾನ ಕೊಡುವ ಕಾರಣ ಇದು.

ನಿಂತ ನೀರಿನ ಸಮಸ್ಯೆ

ಹೊಸ ಸೊಸೆಗೆ ಒಂದು ವಿಷಯದಲ್ಲಿ ಮಾತ್ರ ಈ ಮನೆ ಒಗ್ಗಲಿಲ್ಲ. ಅದು ನಿಂತ ನೀರು. ಮೆಕ್ಕೆಜೋಳ ಮೊಳೆತ ಮೂರು-ನಾಲ್ಕು ವಾರ ಅದರ ಬೆಳೆಯುವ ಕುಡಿ ಮಣ್ಣಿನ ಒಳಗೇ ಇರುತ್ತದೆ. ಇದರಿಂದ ಒಂದು ಲಾಭವಿದೆ: ಮೇಲಿನ ಎಲೆಯನ್ನು ಯಾರಾದರೂ ತಿಂದರೂ ಗಿಡ ಮತ್ತೆ ಚಿಗುರುತ್ತದೆ. ಆದರೆ ಎರೆ ಹೊಲದಲ್ಲಿ ಎರಡು-ಮೂರು ದಿನ ನೀರು ನಿಂತರೆ ಬೇರಿಗೂ ಕುಡಿಗೂ ಉಸಿರುಕಟ್ಟಿ ಪೈರು ಹಳದಿಯಾಗಿ ಕುಗ್ಗುತ್ತದೆ. ಜೋಳ ಇದನ್ನು ಸ್ವಲ್ಪ ಮಟ್ಟಿಗೆ ಸಹಿಸುತ್ತದೆ, ಮೆಕ್ಕೆಜೋಳ ಸಹಿಸದು. ಮಳೆಗಾಲದಲ್ಲಿ ಎರೆ ಹೊಲವನ್ನು ಬರಿದೆ ಬಿಡುತ್ತಿದ್ದ ಹಿರಿಯರ ಕ್ರಮಕ್ಕೂ ಹಸಿ ಎರೆಯಲ್ಲಿ ಕೆಲಸ ಸಾಗದು ಎಂಬ ಅನುಭವವೇ ಒಂದು ಕಾರಣವಾಗಿತ್ತು.

ಹುಮನಾಬಾದ್ ಹಾದುಹೋಗುವ ಹೆದ್ದಾರಿಯಲ್ಲೇ ಹೈದರಾಬಾದಿನ ಕಡೆಗೆ ಹೋದರೆ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಎರೆ ಮಣ್ಣಿನ ಈ ಸಮಸ್ಯೆಯನ್ನೇ ಕೈಗೆತ್ತಿಕೊಂಡಿತು. ಅಗಲವಾದ ಏರುಮಡಿ, ಅದರ ಪಕ್ಕ ನೀರು ಹರಿಯುವ ಕಾಲುವೆ. ಮಡಿಯ ಮೇಲೆ ಜೋಳ ಅಥವಾ ಮೆಕ್ಕೆಜೋಳ, ಜೊತೆಗೆ ತೊಗರಿ. 1976ರಿಂದ ನಡೆದ ದೀರ್ಘಾವಧಿ ಪ್ರಯೋಗದಲ್ಲಿ ಈ ಪದ್ಧತಿಯಿಂದ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ ಸುಮಾರು 5 ಟನ್ ಧಾನ್ಯ ಬಂತು. ಮಳೆಗಾಲ ಬರಿದೆ ಬಿಟ್ಟು ಹಿಂಗಾರು ಬಿತ್ತುವ ಹಳೆಯ ಪದ್ಧತಿಯಲ್ಲಿ ಬಂದದ್ದು ಸುಮಾರು 1 ಟನ್. ಎಂಬತ್ತರ ದಶಕದ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಫರಹತಾಬಾದಿನಲ್ಲೂ ಇದನ್ನು ರೈತರ ಹೊಲಗಳಲ್ಲಿ ಪರೀಕ್ಷಿಸಲಾಯಿತು.

ಇಷ್ಟು ಲಾಭವಿದ್ದೂ ಅದು ವ್ಯಾಪಕವಾಗಿ ಹರಡಲಿಲ್ಲ. ಮಡಿ ಮಾಡುವ ಗಾಲಿಯ ಉಪಕರಣ ಸಣ್ಣ ಹಿಡುವಳಿದಾರನ ಕೈಗೆ ಎಟುಕದಷ್ಟು ದುಬಾರಿಯಾಗಿತ್ತು. ಮಳೆಗೆ ಮೊದಲೇ ಒಣನೆಲಕ್ಕೆ ಬಿತ್ತುವ ಧೈರ್ಯ ಎಲ್ಲರಿಗೂ ಬರಲಿಲ್ಲ. ಆದರೂ ಈ ಪ್ರಯೋಗ ಒಂದು ಪಾಠ ಕಲಿಸಿತು: ಎಳೆ ಪೈರಿನ ಆರೈಕೆ ಬಿತ್ತಿದ ಮೇಲಲ್ಲ, ನೀರು ಹೋಗುವ ದಾರಿ ಮಾಡುವಲ್ಲಿಂದಲೇ ಆರಂಭವಾಗುತ್ತದೆ.

ಐದು ಶತಮಾನಗಳ ನಂತರ ಬಂದ ಶತ್ರು

ಹಳೆಯ ವಿದ್ಯೆಗೆ ದೊಡ್ಡ ಪರೀಕ್ಷೆ ಬಂದದ್ದು 2018ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದ ಸುಳಿಯಲ್ಲಿ ಹೊಸ ಹುಳುವೊಂದನ್ನು ಗುರುತಿಸಿದರು. ಅದು ಫಾಲ್ ಆರ್ಮಿವರ್ಮ್, ಅಂದರೆ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು ಕರ್ನಾಟಕದಲ್ಲೇ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕ ತಲುಪಿ, ಎರಡೇ ವರ್ಷಗಳಲ್ಲಿ ಇಲ್ಲಿಗೆ ಬಂತು. ಮೆಕ್ಕೆಜೋಳ ತನ್ನ ತವರು ಬಿಟ್ಟು ಬಂದು ಐದು ಶತಮಾನಗಳಾದ ಮೇಲೆ ತವರಿನ ಶತ್ರು ಹುಡುಕಿಕೊಂಡು ಬಂದಂತಾಯಿತು.

ಈ ಹುಳುವಿನ ಕಣ್ಣು ಎಳೆ ಪೈರಿನ ಮೇಲೆ. ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಎಲೆಯನ್ನು ಕೆರೆದು ತಿನ್ನುವುದರಿಂದ ಬಿಳಿ ಕಿಟಕಿಗಳಂಥ ಗುರುತು ಬೀಳುತ್ತವೆ. ಆಮೇಲೆ ಅದು ಸುಳಿಯೊಳಗೆ ಸೇರಿಕೊಂಡು ಮರದ ಹೊಟ್ಟಿನಂಥ ಹಿಕ್ಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಒಮ್ಮೆ ಒಳಸೇರಿದರೆ ಮೇಲಿನಿಂದ ಸಿಂಪಡಿಸಿದ ಔಷಧಿ ತಲುಪುವುದು ಕಷ್ಟ. ಬೆಲ್ಲ, ಅಕ್ಕಿ ತೌಡು ಕಳಿಸಿ, ಔಷಧಿ ಬೆರೆಸಿ ಸುಳಿಗೆ ಹಾಕುವ ವಿಷದ ತಿಂಡಿ, ಬೇವಿನ ಕಷಾಯ, ಹುಳುವಿಗೆ ರೋಗ ತರುವ ಶಿಲೀಂಧ್ರ ಮುಂತಾದ ಉಪಾಯಗಳನ್ನು ಕೃಷಿ ವಿಜ್ಞಾನಿಗಳು ಸೂಚಿಸಿದ್ದಾರೆ. ಸುಳಿಗೆ ಮಣ್ಣು ಅಥವಾ ಮರಳು ಹಾಕುವ ರೂಢಿ ಆಫ್ರಿಕ ಮತ್ತು ಅಮೆರಿಕದ ಸಣ್ಣ ರೈತರಲ್ಲಿದೆ. ಈ ಎಲ್ಲ ಉಪಾಯಗಳಿಗೂ ಒಂದು ಷರತ್ತು ಇದೆ: ಹುಳು ಸಣ್ಣದಿರುವಾಗಲೇ ಕಾಣಬೇಕು. ಕಾಣಬೇಕಾದರೆ ಯಾರಾದರೂ ಸಾಲು ಸಾಲಾಗಿ ಬಗ್ಗಿ ನೋಡಬೇಕು.

ಕಷ್ಟ ಇರುವುದು ಇಲ್ಲಿಯೇ. ಕೈಗಳೆಯ ಕಾಲದಲ್ಲಿ ಹೊಲದ ಪ್ರತಿ ಗಿಡವೂ ಒಬ್ಬ ಹೆಣ್ಣುಮಗಳ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಕಳೆ ಕೀಳುವವಳೇ ಹುಳುವನ್ನೂ ಹಳದಿ ಎಲೆಯನ್ನೂ ನೀರು ನಿಂತ ತಗ್ಗನ್ನೂ ಮೊದಲು ಕಾಣುತ್ತಿದ್ದಳು. ಈಗ ಬಿತ್ತಿದ ಎರಡು-ಮೂರು ದಿನದೊಳಗೆ ಅಟ್ರಜಿನ್ ಸಿಂಪಡಿಸಿದರೆ ಕಳೆಯ ಕೆಲಸ ಬಹುಪಾಲು ಮುಗಿಯುತ್ತದೆ. ಕೂಲಿ ಏರಿದೆ, ಆಳು ಸಿಗುವುದಿಲ್ಲ, ದುಡಿಯುವವರು ಹೈದರಾಬಾದ್, ಪುಣೆ, ಮುಂಬೈ ಸೇರಿದ್ದಾರೆ. ಎತ್ತು ಕಟ್ಟುವ ಮನೆಗಳೂ ಕಡಿಮೆಯಾಗಿವೆ. ಕಳೆನಾಶಕ ಬಳಸಿದ ರೈತನನ್ನು ದೂರುವಂತಿಲ್ಲ. ಹೆಣ್ಣುಮಕ್ಕಳ ಬೆನ್ನುನೋವಿನ ಲೆಕ್ಕ ತೆಗೆದರೆ ಹಳೆಯ ದಿನಗಳೇ ಚೆನ್ನಾಗಿದ್ದವು ಎನ್ನುವಂತೆಯೂ ಇಲ್ಲ.

ಆದರೆ ಬೆಲೆಯಿಲ್ಲದೆ ಯಾವುದೂ ಬರುವುದಿಲ್ಲ. ಅಟ್ರಜಿನ್ ಮೆಕ್ಕೆಜೋಳವನ್ನೂ ಜೋಳವನ್ನೂ ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಅದಕ್ಕೆ ಕಾಂಗ್ರೆಸ್ ಕಸವೂ ಒಂದೇ, ಅಕ್ಕಡಿ ಸಾಲಿನ ತೊಗರಿಯೂ ಒಂದೇ. ಕಸದೊಂದಿಗೆ ತೊಗರಿಯೂ ರಾಜಗಿರಿಯೂ ಹೊಲ ಬಿಡಬೇಕಾಯಿತು. ನೆಲಕ್ಕೆ ಸಾರಜನಕ ಕೊಡುತ್ತಿದ್ದ, ಮಳೆ ಕೈಕೊಟ್ಟ ವರ್ಷ ಮನೆಗೆ ಬೇಳೆಯನ್ನಾದರೂ ಉಳಿಸುತ್ತಿದ್ದ ಸಾಲು ಅದು. ಕೆಲಸ ಹಗುರವಾಯಿತು, ಆದರೆ ಒಂದು ಬೆಳೆ ಹೋದರೆ ಇನ್ನೊಂದು ಇದೆ ಎಂಬ ಧೈರ್ಯವೂ ಜೊತೆಗೇ ಹೋಯಿತು.

ಹಿಂದಿನ ಹೊಲಕ್ಕೆ ಯಾರೂ ಮರಳಲಾರರು, ಮರಳಬೇಕಾಗಿಯೂ ಇಲ್ಲ. ಎರಡು ಸಾಲಿನ ನಡುವೆ ಓಡಿಸುವ ಸಣ್ಣ ಯಂತ್ರಗಳು ಬಂದಿವೆ. ಕುಂಟೆಯ ಕೆಲಸವನ್ನೇ ಅವು ಮಾಡುತ್ತವೆ. ಅಕ್ಕಡಿ ಸಾಲನ್ನು ಉಳಿಸಿಕೊಂಡೂ ಮಾಡಬಲ್ಲವು. ಉಳಿಯಬೇಕಾದದ್ದು ಯಾವ ಮಳೆಗೆ ಯಾವ ಕೆಲಸ, ಯಾವ ಎಲೆ ಏನು ಹೇಳುತ್ತದೆ, ಯಾವ ಸಸಿ ಕೀಳಬೇಕು ಎಂಬ ತಿಳಿವಳಿಕೆ. ಅದು ಪುಸ್ತಕದಲ್ಲಿ ಅಷ್ಟಾಗಿ ಇಲ್ಲ. ಅರವತ್ತು-ಎಪ್ಪತ್ತು ದಾಟಿದ ಒಕ್ಕಲಿಗರ, ಖುರ್ಪಿ ಹಿಡಿದ ಹೆಣ್ಣುಮಕ್ಕಳ ನೆನಪಿನಲ್ಲಿದೆ. ಅವರು ಇರುವಾಗಲೇ ಅದನ್ನು ಊರೂರಿನಿಂದ ಕೇಳಿ ಬರೆದುಕೊಳ್ಳುವ ಕೆಲಸ ಆಗಬೇಕು.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪದ ಕಟ್ಟಡಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಶರಣರ ಕಾಯಕಗಳನ್ನು ನೆನೆಯುವ ಅಂಥ ಜಾಗದಲ್ಲಿ ಒಕ್ಕಲಿಗ ಮುದ್ದಣ್ಣನ ಹೆಸರಿನಲ್ಲಿ ಒಂದು ಕೂರಿಗೆ, ಒಂದು ಎಡೆಕುಂಟೆ, ಒಂದು ಖುರ್ಪಿಗೂ ಸ್ಥಳವಿದ್ದರೆ ಚೆನ್ನ. ಅವುಗಳನ್ನು ಹಿಡಿದು ಬಳಸಬಲ್ಲ ನಾಲ್ಕು ಜನ ಊರಿನಲ್ಲಿ ಉಳಿದಿದ್ದರೆ ಇನ್ನೂ ಚೆನ್ನ.